ಬಣ್ಣ ಹಾಕದೆ ಯೀಸ್ಟ್ ಬದುಕಿದೆಯಾ ಅಂತ ನೋಡುವುದು ಹೇಗೆ?

ವಿರಾಜಪೇಟೆ_ಮೈಕ್ರೋ:
ಎಲ್ಲರಿಗೂ ನಮಸ್ಕಾರ. ನಾನು ಎಂಎಸ್ಸಿ ಮೈಕ್ರೋಬಯಾಲಜಿ ವಿದ್ಯಾರ್ಥಿನಿ. ಅರೇಬಿಕಾ ಕಾಫಿ ಹಣ್ಣನ್ನು ಪಲ್ಪ್ ಮಾಡಿದ (ಸಿಪ್ಪೆ ಬಿಡಿಸಿದ) ಮೇಲೆ ತೊಟ್ಟಿಯಲ್ಲಿ ಹುಳಿ ಬಂದು ಲೋಳೆ ಬಿಡುತ್ತದಲ್ಲ, ಆಗ ಬೆಳೆಯುವ ಯೀಸ್ಟ್ ಮೇಲೆ ಪ್ರಾಜೆಕ್ಟ್ ಮಾಡಬೇಕು ಅಂತಿದ್ದೇನೆ. ಮೆಥಿಲೀನ್ ಬ್ಲೂ ಹಾಕಿದರೆ ಸತ್ತದ್ದು ನೀಲಿಯಾಗಿ ಉಳಿಯುತ್ತದೆ, ಬದುಕಿದ್ದು ಬಣ್ಣ ಕಳೆದುಬಿಡುತ್ತದೆ, ಅಷ್ಟು ಗೊತ್ತು. ಆದರೆ ನನಗೆ ಅದೇ ಕೋಶಗಳನ್ನು ಗಂಟೆಗಟ್ಟಲೆ ನೋಡಬೇಕು. ಬಣ್ಣ ಬಿದ್ದರೆ ಅವುಗಳ ಮೇಲೂ ಪರಿಣಾಮ ಆಗುತ್ತದೆ ಅಲ್ವಾ? ಲೇಸರ್ ಬಿಟ್ಟು ಚದುರಿದ ಬೆಳಕನ್ನು ಅಳೆಯುವ ರಾಮನ್ ವಿಧಾನದಲ್ಲಿ ಯಾವ ಯೀಸ್ಟ್ ಅಂತಲೂ ಹೇಳಬಹುದಂತೆ, ನಿಜವಾ? ಸದ್ಯ ಕಾಲೇಜಿನಲ್ಲಿ ಇರುವುದು ಮಾಮೂಲಿ ಮೈಕ್ರೋಸ್ಕೋಪ್.

ಹಳೇ_ಲ್ಯಾಬ್:
ಮೊದಲು ಫೇಸ್ ಕಾಂಟ್ರಾಸ್ಟ್ ಆಬ್ಜೆಕ್ಟಿವ್ ಎಲ್ಲಾದರೂ ಬೀರುವಿನಲ್ಲಿ ಇದೆಯಾ ಕೇಳಿ ನೋಡಮ್ಮ, ಅದಕ್ಕೆ ಹೊಂದುವ ರಿಂಗ್ ಕಂಡೆನ್ಸರ್‌ನಲ್ಲಿ (ಸ್ಲೈಡ್ ಕೆಳಗೆ ಬೆಳಕು ಕೂಡಿಸುವ ಮಸೂರ) ಇರಬೇಕು, ಒಂದೇ ಇದ್ದರೆ ಪ್ರಯೋಜನ ಇಲ್ಲ. ಕೋಶ ಬೆಳಕನ್ನು ಹೆಚ್ಚು ಹೀರುವುದಿಲ್ಲ, ಸ್ವಲ್ಪ ತಡಮಾಡಿಸುತ್ತದೆ ಅಷ್ಟೇ. ನೀರಿನ ವಕ್ರೀಭವನ ಸೂಚ್ಯಂಕ 1.33, ಕೋಶದ್ದು ಅದಕ್ಕಿಂತ ಚೂರು ಜಾಸ್ತಿ. ಆ ತಡ ನಮ್ಮ ಕಣ್ಣಿಗೆ ಕಾಣದು. ಅದನ್ನು ಕಪ್ಪು-ಬಿಳುಪಿನ ವ್ಯತ್ಯಾಸವಾಗಿ ತೋರಿಸುವ ದಾರಿ, ಅಂದರೆ ಈ ಫೇಸ್ ಕಾಂಟ್ರಾಸ್ಟ್, ಕಂಡುಹಿಡಿದದ್ದಕ್ಕೇ ಭೌತವಿಜ್ಞಾನಿ ಜೆರ್ನಿಕೆಗೆ 1953ರಲ್ಲಿ ನೊಬೆಲ್ ಬಂತು.

ಸಿಗದಿದ್ದರೆ ಕಂಡೆನ್ಸರ್ ಕೆಳಗಿನ ಫಿಲ್ಟರ್ ಜಾಗದಲ್ಲಿ ಗುಂಡಗೆ ಕತ್ತರಿಸಿದ ಕಪ್ಪು ಕಾಗದ ಇಟ್ಟು ಡಾರ್ಕ್ ಫೀಲ್ಡ್ (ಕಪ್ಪು ಹಿನ್ನೆಲೆಯಲ್ಲಿ ಕೋಶ ಹೊಳೆಯುವ ಹಾಗೆ) ಮಾಡಿ. 10ಎಕ್ಸ್‌ನಲ್ಲಿ ಸಲೀಸು, 40ಎಕ್ಸ್‌ಗೆ ಕಾಗದದ ಅಳತೆ ಸರಿ ಬರುವವರೆಗೆ ಬದಲಿಸಿ ನೋಡಬೇಕು. ಬೆಳಕಿನ ಕಿಂಡಿ ಕಿರಿದು ಮಾಡುವ ಡಯಾಫ್ರಮ್ ಪೂರ್ತಿ ಮುಚ್ಚಿ ಕಾಂಟ್ರಾಸ್ಟ್ ತರಬೇಡಿ, ಗೆರೆ ದಪ್ಪ ಕಾಣುತ್ತದೆ, ವಿವರ ಹೋಗುತ್ತದೆ.

ಫೇಸ್‌ನಲ್ಲಿ ನೋಡಿದರೆ ಯೀಸ್ಟ್ ಒಳಗೆ ದುಂಡನೆಯ ವ್ಯಾಕ್ಯೂಲ್ (ದ್ರವ ತುಂಬಿದ ಚೀಲ), ಕೆಲವೊಮ್ಮೆ ಅದರೊಳಗೆ ಕುಣಿಯುವ ಸಣ್ಣ ಕಣ ಕಾಣುತ್ತದೆ. ಆ ಕುಣಿತ ಬ್ರೌನಿಯನ್ ಚಲನೆ, ಅಂದರೆ ದ್ರವದ ಅಣುಗಳು ಬಡಿದು ಆಗುವ ಅಲುಗಾಟ, ಅದನ್ನೇ ಜೀವ ಅಂತ ಎಣಿಸಬೇಡಿ. ಕೋಶದ ಪಕ್ಕದಲ್ಲಿ ಮೂಡುವ ಮರಿಕೋಶ, ಅಂದರೆ ಮೊಗ್ಗು, ದೊಡ್ಡದಾಗುತ್ತಾ ಹೋದರೆ ಅದು ನಿಜವಾದ ಸಾಕ್ಷಿ. ಬೇಕರಿ ಯೀಸ್ಟ್ ಒಳ್ಳೆ ಆಹಾರದಲ್ಲಿ, 30 ಡಿಗ್ರಿಯಲ್ಲಿ ಸುಮಾರು ಒಂದೂವರೆ ಗಂಟೆಗೆ ದ್ವಿಗುಣ ಆಗುತ್ತದೆ. ನಮ್ಮ ಕಡೆ ಡಿಸೆಂಬರ್ ಚಳಿಯಲ್ಲಿ ತಾಳ್ಮೆ ಬೇಕು. ಮೊಗ್ಗು ಬಿಡದ್ದೆಲ್ಲ ಸತ್ತಿದೆ ಅಂತಲೂ ಅಲ್ಲ.

ಸೋಮವಾರಪೇಟೆ_ಬೆಳಕು:
ರಾಮನ್ ಬಗ್ಗೆ ನಾನು ಹೇಳುತ್ತೇನೆ, ಈಗ ಬೆಂಗಳೂರಿನಲ್ಲಿ ಅದೇ ಕೆಲಸ. 1928ರಲ್ಲಿ ಸಿ.ವಿ. ರಾಮನ್ ಕಂಡುಹಿಡಿದದ್ದೇ ಇವತ್ತು ಒಂದೊಂದೇ ಕೋಶದ ಮೇಲೆ ನಡೆಯುತ್ತಿದೆ. ನೀರಿನ ರಾಮನ್ ಸಿಗ್ನಲ್ ಬಹಳ ದುರ್ಬಲ, ಅದಕ್ಕೇ ಒದ್ದೆ ಕೋಶವನ್ನು ಹಾಗೇ ಅಳೆಯಬಹುದು. ಸಿಗ್ನಲ್‌ನ ಗೆರೆಗಳ ಜಾಗವನ್ನು ವೇವ್‌ನಂಬರ್‌ನಲ್ಲಿ ಹೇಳುತ್ತಾರೆ: 1003 ಹತ್ತಿರದ ಚೂಪು ಗೆರೆ ಫೀನೈಲ್‌ಅಲನಿನ್ ಎಂಬ ಅಮೈನೋ ಆಮ್ಲದ್ದು, 1655ರ ಸುತ್ತ ಪ್ರೋಟೀನ್, ಕೊಬ್ಬು ಎರಡೂ ಸೇರಿಕೊಳ್ಳುತ್ತವೆ.

ನಿಮ್ಮ ತೊಂದರೆ ಕಾಫಿಯೇ. ಹಣ್ಣಿನ ಸಿಪ್ಪೆ, ಪಾಲಿಫಿನಾಲ್ ಎಲ್ಲ ಲೇಸರ್ ಬಿದ್ದರೆ ಹೊಳೆದು ಸಿಗ್ನಲ್ ಮುಚ್ಚಿಬಿಡುತ್ತವೆ. ಕೋಶಗಳನ್ನು ಸಲೈನ್‌ನಲ್ಲಿ ತೊಳೆದು, 785 ನ್ಯಾನೋಮೀಟರ್ ಲೇಸರ್ ಇರುವ ಕಡೆ ಹೋಗಿ. ಮಾಮೂಲಿ ಗಾಜಿನ ಸ್ಲೈಡ್‌ಗೂ ತನ್ನದೇ ಹಿನ್ನೆಲೆ ಇದೆ, ಕ್ವಾರ್ಟ್ಜ್ ಕೇಳಿ.

ಇನ್ನು ಯಾವ ಯೀಸ್ಟ್ ಅಂತ ಹೇಳಬಹುದಾ? ಗೊತ್ತಿರುವ ತಳಿಗಳ ಸ್ಪೆಕ್ಟ್ರಮ್ (ಆ ಗೆರೆಗಳ ಪೂರ್ತಿ ನಕ್ಷೆ) ಮೊದಲೇ ಸಂಗ್ರಹಿಸಿಟ್ಟಿದ್ದರೆ ಮಾತ್ರ. ಅದೇ ತಳಿಯೂ ಬೇರೆ ಆಹಾರದಲ್ಲಿ, ಬೇರೆ ವಯಸ್ಸಿನಲ್ಲಿ ಬೇರೆ ಥರ ಕಾಣುತ್ತದೆ. ಹೊಸದೊಂದು ತೊಟ್ಟಿಯಿಂದ ಬಂದರೆ ಹೆಸರು ಕೊಡಲು ಪ್ಲೇಟ್ ಮೇಲೆ ಬೆಳೆಸಿ ಐಟಿಎಸ್ ಸೀಕ್ವೆನ್ಸಿಂಗ್ (ಜಾತಿ ಗುರುತಿಸಲು ಡಿಎನ್‌ಎಯ ಒಂದು ತುಣುಕು ಓದುವುದು) ಮಾಡಿಸಲೇಬೇಕು, ಇದರಲ್ಲಿ ರಾಜಿ ಮಾಡಿಕೊಳ್ಳಬೇಡಿ.

ವಿರಾಜಪೇಟೆ_ಮೈಕ್ರೋ:
ತುಂಬಾ ಥ್ಯಾಂಕ್ಸ್ ಸರ್, ಅಕ್ಕ. ಇಡೀ ತೊಟ್ಟಿಯಲ್ಲಿ ಬದುಕಿದ್ದು ಎಷ್ಟು ಅಂತ ತಿಳಿಯಲು ಏನಾದರೂ ಇದೆಯಾ? ಒಂದೊಂದೇ ನೋಡುತ್ತಾ ಕೂತರೆ ಮುಗಿಯುವುದಿಲ್ಲ.

ಕುಶಾಲನಗರ_ಸರ್ಕ್ಯೂಟ್:
ಕೆಪಾಸಿಟೆನ್ಸ್ ಪ್ರೋಬ್ ಬಗ್ಗೆ ಓದಿ, ಬಿಯರ್ ತಯಾರಿಸುವ ಕಡೆ ಯೀಸ್ಟ್‌ಗೆ ಇದನ್ನೇ ಬಳಸುತ್ತಾರೆ. ಪೊರೆ ಒಡೆಯದೆ ಇರುವ ಕೋಶ ರೇಡಿಯೋ ಫ್ರೀಕ್ವೆನ್ಸಿಯಲ್ಲಿ ಚಾರ್ಜ್ ಹಿಡಿದಿಡುತ್ತದೆ. ಪೊರೆ ಒಡೆದ ಕೋಶ, ಸಿಪ್ಪೆ ಚೂರು ಹಾಗೆ ಹಿಡಿಯುವುದಿಲ್ಲ. ಕೌಲ್ಟರ್ ಕೌಂಟರ್ ಆದರೆ ಗಾತ್ರ ನೋಡಿ ಎಣಿಸುವುದರಿಂದ ಚೂರುಗಳೂ ಲೆಕ್ಕಕ್ಕೆ ಬರುತ್ತವೆ, ನಿಮ್ಮ ಸ್ಯಾಂಪಲ್‌ಗೆ ಅದು ಬೇಡ. ಮತ್ತೆ ತೊಟ್ಟಿಯ ನೀರು ಹುಳಿಯಾಗುತ್ತಾ ಹೋದಂತೆ ಅದರ ವಿದ್ಯುತ್ ವಾಹಕತೆ ಬದಲಾಗುತ್ತದೆ, ಅದನ್ನೂ ಜೊತೆಗೇ ಅಳೆದು ಬರೆದಿಡಿ.