ಸಹಾಯ ಬೇಕು: ಹಳೆಯ ಮಿಲಿಟರಿ ರಿಬ್ ದೋಣಿಯ ಟ್ಯೂಬ್‌ನಲ್ಲಿ ಗಾಳಿ ನಿಲ್ಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಸೇನೆಯವರು ಬಳಸಿ ಮಾರಿದ ರಿಬ್ ದೋಣಿಯೊಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದೇನೆ. ರಿಬ್ ಅಂದರೆ ಗಟ್ಟಿ ತಳದ ಸುತ್ತ ಗಾಳಿ ತುಂಬುವ ಟ್ಯೂಬ್ ಇರುವ ದೋಣಿ. ಇದರದ್ದು ಫೈಬರ್ ಗ್ಲಾಸ್ ತಳ, ಸುತ್ತ ಹೈಪಲಾನ್ (ಕೃತಕ ರಬ್ಬರ್ ಲೇಪಿಸಿದ ಬಟ್ಟೆ) ಟ್ಯೂಬ್. ತಳ ಗಟ್ಟಿಮುಟ್ಟಾಗಿದೆ. ತೊಂದರೆ ಇರೋದು ಟ್ಯೂಬ್‌ನಲ್ಲಿ.

0.2 ಬಾರ್ ಗಾಳಿ ತುಂಬಿಸಿ ಬಿಟ್ಟರೆ ಬೆಳಿಗ್ಗೆಯಷ್ಟರಲ್ಲಿ ಟ್ಯೂಬ್‌ನೊಳಗಿನ ಗಾಳಿ ಕೋಣೆಗಳಲ್ಲಿ ಬಲಗಡೆಯ ಮುಂದಿನದು ಮೆತ್ತಗಾಗಿರುತ್ತದೆ. ರಾತ್ರಿ ತಂಪಿಗೆ ಒತ್ತಡ ಸ್ವಲ್ಪ ಇಳಿಯೋದು ಸಹಜ, ಆದರೆ ಉಳಿದ ಕೋಣೆಗಳು ಬಿಗಿಯಾಗೇ ಇವೆ. ಸೋಪಿನ ನೀರು ಹಚ್ಚಿ ನೋಡಿದೆ. ವಾಲ್ವ್ ಸುತ್ತ ಏನೂ ಇಲ್ಲ. ಟ್ಯೂಬನ್ನು ತಳಕ್ಕೆ ಅಂಟಿಸಿರುವ ಪಟ್ಟಿಯ ಅಂಚಿನಲ್ಲಿ ಮಾತ್ರ ಸಾಸಿವೆ ಕಾಳಿನಂಥ ಗುಳ್ಳೆಗಳು ಸಾಲಾಗಿ ಏಳುತ್ತವೆ. ಗಾಳಿ ಹೊರಬರೋದು ಅಲ್ಲಾದರೂ ನಿಜವಾದ ತೂತು ಪಟ್ಟಿಯ ಅಡಿಯಲ್ಲಿ ಬೇರೆಲ್ಲೋ ಇರಬಹುದು, ಅಲ್ವಾ? ಪಟ್ಟಿ ಪೂರ್ತಿ ಕೀಳದೆ ಅದನ್ನು ಹುಡುಕೋದು ಹೇಗೆ? ಪಟ್ಟಿಯ ಅಂಟು ಸಡಿಲಿಸಲು ಹೀಟ್ ಗನ್ (ಬಿಸಿ ಗಾಳಿ ಊದುವ ಉಪಕರಣ) ಹಿಡಿದರೆ ಟ್ಯೂಬ್‌ನ ಬಟ್ಟೆ ಹಾಳಾಗುತ್ತಾ?

ಹೈಪಲಾನ್‌ಗೆ ಬೇಕಾದ, ಗಟ್ಟಿಕಾರಕ ಬೆರೆಸುವ ಅಂಟು ತಂದಿಟ್ಟಿದ್ದೇನೆ. ತೇವ ಜಾಸ್ತಿ ಇರುವ ದಿನ ಅಂಟಿಸಬಾರದು ಅನ್ನೋದು ಗೊತ್ತು.

ಇನ್ನೊಂದು ವಿಷಯ. ಎಂಜಿನ್ ಕೂರಿಸುವ ಹಿಂಬದಿಯ ಟ್ರಾನ್ಸಮ್ ತಟ್ಟಿದರೆ ಬೋಲ್ಟ್‌ಗಳ ಹತ್ತಿರ ಸದ್ದು ಮಂದವಾಗಿದೆ. ಒಳಗಿನ ಪ್ಲೈವುಡ್‌ಗೆ ನೀರು ಇಳಿದಿದೆಯೇನೋ ಅಂತ ನಿಜಕ್ಕೂ ಭಯ. ಸಣ್ಣ ತೂತು ಕೊರೆದು ನೋಡಲೇ? ಅದು ಖಚಿತವಾಗೋವರೆಗೆ ಎಂಜಿನ್ ಕೂರಿಸುವುದಿಲ್ಲ. ಕೈಯಾರೆ ರಿಪೇರಿ ಮಾಡಿದವರು ದಯವಿಟ್ಟು ತಿಳಿಸಿ.