ಇಂಟರ್ನೆಟ್ ಇಲ್ಲದ ಲ್ಯಾಬ್‌ನಲ್ಲಿ ಕಿವಿಕ್ಸ್: ಸರ್ವರ್, ಕನ್ನಡ ಮುಖಪುಟ, ನಮ್ಮದೇ ಪಾಠಗಳು

ಲ್ಯಾಬ್_ಮೇಷ್ಟ್ರು:

ಪ್ರೌಢಶಾಲೆಯ ಲ್ಯಾಬ್‌ನಲ್ಲಿ ಕಿವಿಕ್ಸ್ (ವಿಕಿಪೀಡಿಯದಂಥ ತಾಣಗಳನ್ನು ಇಂಟರ್ನೆಟ್ ಇಲ್ಲದೆ ಓದಿಸುವ ತಂತ್ರಾಂಶ) ಹಾಕಬೇಕಿದೆ. 14 ಸಿಸ್ಟಮ್‌ಗಳು ಒಂದೇ ಸ್ವಿಚ್‌ಗೆ ಕೇಬಲ್‌ನಲ್ಲಿ ಸೇರಿವೆ, ರೂಟರ್ ಇಲ್ಲ, ಇಂಟರ್ನೆಟ್ ಇಲ್ಲ. ಹತ್ತರಲ್ಲಿ ವಿಂಡೋಸ್ 7, ಉಳಿದ ನಾಲ್ಕರಲ್ಲಿ ವಿಂಡೋಸ್ 10. ಐ3 ಪ್ರೊಸೆಸರ್, 8 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್ ಇರುವ ಒಂದನ್ನು ಸರ್ವರ್ ಆಗಿ ಇಡಬಹುದು.

ಬೇಕಿರುವುದು ಇಷ್ಟು: ಕನ್ನಡ ವಿಕಿಪೀಡಿಯ, ಮಕ್ಕಳಿಗೆ ಅರ್ಥವಾಗುವಂಥ ಇಂಗ್ಲಿಷ್ ವಿಷಯ, ಶಿಕ್ಷಕರು ನುಡಿಯಲ್ಲಿ (ಕನ್ನಡ ಟೈಪಿಂಗ್ ತಂತ್ರಾಂಶ) ಟೈಪ್ ಮಾಡಿಟ್ಟಿರುವ ಪಾಠದ ಟಿಪ್ಪಣಿಗಳು. ಎಲ್ಲವೂ ಒಂದೇ ಕನ್ನಡ ಮುಖಪುಟದಿಂದ ತೆರೆಯಬೇಕು. ಮೂರು ಕಡೆ ಸಿಕ್ಕಿಕೊಂಡಿದೆ. ದೊಡ್ಡ ಝಿಮ್ ಫೈಲು (ಇಡೀ ತಾಣವನ್ನು ಒಂದೇ ಫೈಲಾಗಿ ಕಟ್ಟಿದ, ಕಿವಿಕ್ಸ್ ಓದುವ ರೂಪ) 32 ಜಿಬಿ ಪೆನ್‌ಡ್ರೈವ್‌ಗೆ ಕಾಪಿ ಆಗುತ್ತಿಲ್ಲ, ಜಾಗ ಖಾಲಿ ಇದ್ದರೂ ಫೈಲು ದೊಡ್ಡದು ಎನ್ನುತ್ತದೆ. ಒಂದು ವಿಂಡೋಸ್ 10 ಸಿಸ್ಟಮ್‌ನಲ್ಲಿ ಕಿವಿಕ್ಸ್ ಹಾಕಿ ಲೋಕಲ್ ಸರ್ವರ್ ಶುರು ಮಾಡಿದರೆ ಅದರಲ್ಲಿ ಮಾತ್ರ ಪುಟ ತೆರೆಯುತ್ತದೆ, ಪಕ್ಕದ ಸಿಸ್ಟಮ್‌ನಲ್ಲಿ ಇಲ್ಲ. ಹುಡುಕು ಪೆಟ್ಟಿಗೆಯಲ್ಲಿ ಕನ್ನಡ ಟೈಪ್ ಮಾಡಿದರೆ ಏನೂ ಸಿಗುವುದಿಲ್ಲ. ಗೊತ್ತಿದ್ದವರು ದಯವಿಟ್ಟು ವಿವರವಾಗಿ ಹೇಳಿ.

ಪೋರ್ಟ್_8080:

ಮೇಷ್ಟ್ರೇ, ಮೊದಲ ಎರಡಕ್ಕೆ ನಾನು ಉತ್ತರಿಸುತ್ತೇನೆ.

ಪೆನ್‌ಡ್ರೈವ್ ಫ್ಯಾಟ್32ನಲ್ಲಿ ಫಾರ್ಮ್ಯಾಟ್ ಆಗಿದೆ. ಅದರಲ್ಲಿ ಒಂದೇ ಫೈಲು 4 ಜಿಬಿ ಮುಟ್ಟುವ ಹಾಗಿಲ್ಲ, ಎಷ್ಟೇ ಜಾಗ ಖಾಲಿ ಇರಲಿ. ಎಕ್ಸ್‌ಫ್ಯಾಟ್‌ಗೆ ಮರುಫಾರ್ಮ್ಯಾಟ್ ಮಾಡಿ (ಒಳಗಿರುವುದನ್ನು ಮೊದಲು ಬೇರೆ ಕಡೆ ಇಟ್ಟುಕೊಳ್ಳಿ). ವಿಂಡೋಸ್ 7 ಕೂಡ ಎಕ್ಸ್‌ಫ್ಯಾಟ್ ಓದುತ್ತದೆ. ಡೌನ್‌ಲೋಡ್ ಮಾಡುವಾಗ ಟೊರೆಂಟ್ ಬಳಸಿ. ನಡುವೆ ನಿಂತರೂ ಮುಂದುವರಿಯುತ್ತದೆ, ತುಂಡುಗಳ ಸರಿತಪ್ಪು ಅದೇ ನೋಡಿಕೊಳ್ಳುತ್ತದೆ. ಕಾಪಿ ಆದಮೇಲೆ ಶಾ-256 ಮೊತ್ತ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಹೋಲಿಸದೆ ಬಿಡಬೇಡಿ. ಅರ್ಧಂಬರ್ಧ ಕಾಪಿಯಾದ ಝಿಮ್ ಒಮ್ಮೊಮ್ಮೆ ಮುಖಪುಟ ತೋರಿಸಿ, ಒಳಗಿನ ಲೇಖನಕ್ಕೆ ಹೋದಾಗ ಕೈಕೊಡುತ್ತದೆ.

ಯಾವ ಫೈಲು? ಹೆಸರಿನಲ್ಲೇ ಸುಳಿವಿದೆ. ಮ್ಯಾಕ್ಸಿ ಅಂದರೆ ಚಿತ್ರಸಹಿತ ಪೂರ್ಣ ಲೇಖನಗಳು, ನೋಪಿಕ್ ಅಂದರೆ ಚಿತ್ರ ಬಿಟ್ಟು ಪೂರ್ಣ ಪಠ್ಯ, ಮಿನಿ ಅಂದರೆ ಪೀಠಿಕೆ ಮಾತ್ರ. ಕನ್ನಡಕ್ಕೆ ಕಣ್ಣುಮುಚ್ಚಿ ಮ್ಯಾಕ್ಸಿ ತಗೊಳ್ಳಿ. ಇಂಗ್ಲಿಷ್ ವಿಕಿಪೀಡಿಯದ ಮ್ಯಾಕ್ಸಿ ಒಂದೇ 100 ಜಿಬಿ ದಾಟುತ್ತದೆ, ಪ್ರೌಢಶಾಲೆಗೆ ಅದರ ಅಗತ್ಯವೂ ಇಲ್ಲ. ಸಿಂಪಲ್ ಇಂಗ್ಲಿಷ್ ವಿಕಿಪೀಡಿಯ ಹಾಕಿ, ವಾಕ್ಯಗಳು ಚಿಕ್ಕವು, ಪದಗಳು ಸರಳ. ವಿಜ್ಞಾನಕ್ಕೆ ಫೆಟ್ ಸಿಮ್ಯುಲೇಷನ್‌ಗಳೂ (ತೆರೆಯ ಮೇಲೆ ಮಾಡಿ ನೋಡುವ ಪ್ರಯೋಗಗಳು) ಝಿಮ್ ರೂಪದಲ್ಲಿ ಸಿಗುತ್ತವೆ.

ಪಕ್ಕದ ಸಿಸ್ಟಮ್‌ನಲ್ಲಿ ಯಾಕೆ ತೆರೆಯುತ್ತಿಲ್ಲ ಅಂದರೆ: ರೂಟರ್ ಇಲ್ಲದ ನೆಟ್‌ವರ್ಕ್‌ಗೆ ಗೇಟ್‌ವೇ (ಹೊರಗಿನ ಜಾಲಕ್ಕೆ ದಾರಿ) ಇರುವುದಿಲ್ಲ. ಗೇಟ್‌ವೇ ಕಾಣದಿದ್ದರೆ ವಿಂಡೋಸ್ ಅದನ್ನು ಗುರುತಿಲ್ಲದ ನೆಟ್‌ವರ್ಕ್ ಎಂದುಕೊಂಡು ಪಬ್ಲಿಕ್ ಪಟ್ಟಿಗೆ ಹಾಕುತ್ತದೆ. ಕಿವಿಕ್ಸ್ ಮೊದಲ ಸಲ ಓಡಿದಾಗ ಫೈರ್‌ವಾಲ್ ಕೇಳಿದ ಪ್ರಶ್ನೆಗೆ ಪ್ರೈವೇಟ್ ಮಾತ್ರ ಟಿಕ್ ಮಾಡಿರುತ್ತೀರಿ. ಫೈರ್‌ವಾಲ್‌ನ ಇನ್‌ಬೌಂಡ್ ರೂಲ್ಸ್‌ನಲ್ಲಿ ಕಿವಿಕ್ಸ್ ಬಳಸುವ ಪೋರ್ಟ್ ಟಿಸಿಪಿ 8080ಕ್ಕೆ ಪಬ್ಲಿಕ್‌ನಲ್ಲೂ ಅನುಮತಿ ಕೊಡಿ.

ಅದಕ್ಕೂ ಮುಂಚೆ ಐಪಿ ವಿಳಾಸಗಳನ್ನು ಕೈಯಾರೆ ಕೊಡಬೇಕು. ರೂಟರ್ ಇಲ್ಲ ಅಂದಮೇಲೆ ಹಂಚುವವರು ಯಾರೂ ಇಲ್ಲ, ಪ್ರತಿ ಸಿಸ್ಟಮ್ಮೂ 169.254ರಿಂದ ಶುರುವಾಗುವ ವಿಳಾಸವನ್ನು ತಾನೇ ಹುಟ್ಟಿಸಿಕೊಂಡಿರುತ್ತದೆ, ಅದು ಬದಲಾಗುತ್ತಲೂ ಇರಬಹುದು. ಸರ್ವರ್‌ಗೆ 192.168.1.10, ಉಳಿದವಕ್ಕೆ 192.168.1.11ರಿಂದ ಮುಂದಕ್ಕೆ, ಮಾಸ್ಕ್ ಎಲ್ಲಕ್ಕೂ 255.255.255.0. ಬ್ರೌಸರ್‌ನಲ್ಲಿ ವಿಳಾಸ ಬರೆಯುವಾಗ ಮುಂದೆ ಎಚ್‌ಟಿಟಿಪಿ, ಹಿಂದೆ ಕೋಲನ್ 8080 ಎರಡನ್ನೂ ಬಿಡದೆ ಹಾಕಿ, ತೆರೆದ ಮೇಲೆ ಅದನ್ನೇ ಹೋಮ್‌ಪೇಜ್ ಮಾಡಿಬಿಡಿ.

ಕೊನೆಗೆ ನನ್ನ ಸಲಹೆ, ಸರ್ವರ್ ಸಿಸ್ಟಮ್‌ಗೆ ಉಬುಂಟು ಅಥವಾ ಡೆಬಿಯನ್ (ಎರಡೂ ಲಿನಕ್ಸ್) ಹಾಕಿ ಕಿವಿಕ್ಸ್-ಸರ್ವ್ (ಕಿವಿಕ್ಸ್‌ನ ಸರ್ವರ್ ಪ್ರೋಗ್ರಾಂ) ಓಡಿಸಿ. ಮುಖಪುಟ ಬದಲಿಸುವುದು ಡೆಸ್ಕ್‌ಟಾಪ್ ಆ್ಯಪ್‌ನಲ್ಲಿ ಆಗುವ ಕೆಲಸವಲ್ಲ. ಉಬುಂಟು 22.04ರ ಭಂಡಾರದಲ್ಲಿರುವ ಕಿವಿಕ್ಸ್-ಟೂಲ್ಸ್ (ಕಿವಿಕ್ಸ್-ಸರ್ವ್ ಇರುವ ಪ್ಯಾಕೇಜು) ಹಳೆಯದು. ಕಿವಿಕ್ಸ್‌ನವರ ತಾಣದಿಂದಲೇ ಹೊಸದನ್ನು ಇಳಿಸಿಕೊಳ್ಳಿ. 8 ಜಿಬಿ ರ‍್ಯಾಮ್ ಧಾರಾಳ, ಝಿಮ್ ಪೂರ್ತಿ ಮೆಮೊರಿಗೆ ಏರುವುದಿಲ್ಲ. ನಿಧಾನ ಅನ್ನಿಸಿದರೆ ಅದು ಹಾರ್ಡ್‌ಡಿಸ್ಕ್‌ನದು. ಝಿಮ್‌ಗಳನ್ನಷ್ಟೇ ಒಂದು ಎಸ್‌ಎಸ್‌ಡಿಗೆ ಹಾಕಿದರೆ ಹುಡುಕಾಟದ ವೇಗ ಎದ್ದು ಕಾಣುತ್ತದೆ.

ಒತ್ತಕ್ಷರ:

ಹುಡುಕಾಟದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕನ್ನಡದ ಲ್ಯಾಬ್‌ಗಳು ಸೋಲುವುದು ಇಲ್ಲೇ.

ನುಡಿ ಆಸ್ಕಿ ಮೋಡ್‌ನಲ್ಲಿ ಇದ್ದರೆ ನೀವು ಒತ್ತುವ ಕನ್ನಡ ಅಕ್ಷರ ಕಂಪ್ಯೂಟರ್‌ಗೆ ಲ್ಯಾಟಿನ್ ಚಿಹ್ನೆಯಾಗಿಯೇ ಹೋಗುತ್ತದೆ. ನುಡಿ ಫಾಂಟ್ ಇರುವ ಕಡೆ ಮಾತ್ರ ಕನ್ನಡದ ಹಾಗೆ ಕಾಣುತ್ತದೆ, ಅಷ್ಟೆ. ವಿಕಿಪೀಡಿಯ ಇರುವುದು ಯುನಿಕೋಡ್‌ನಲ್ಲಿ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಇರುವ ಪದ್ಧತಿ), ಎರಡೂ ಹೊಂದುವ ಮಾತೇ ಇಲ್ಲ. ನುಡಿಯ ಸೆಟ್ಟಿಂಗ್‌ನಲ್ಲಿ ಯುನಿಕೋಡ್ ಆರಿಸಿ, ಇಲ್ಲವೇ ವಿಂಡೋಸ್‌ನ ಕನ್ನಡ ಕೀಬೋರ್ಡ್ ಸೇರಿಸಿ. ಉಬುಂಟುವಿನಲ್ಲಿ ಐಬಸ್ ಮತ್ತು ಎಂ17ಎನ್ (ಟೈಪಿಂಗ್ ತಂತ್ರಾಂಶಗಳು) ಹಾಕಿದರೆ ಕೆಜಿಪಿ ಕೀಬೋರ್ಡ್ ವಿನ್ಯಾಸ ಸಿಗುತ್ತದೆ, ನುಡಿ ರೂಢಿಯಾದ ಕೈಗೆ ಕಷ್ಟವಾಗುವುದಿಲ್ಲ.

ಯುನಿಕೋಡ್ ಆದಮೇಲೂ ಒಂದು ಮಿತಿ ಇದೆ. ಕಿವಿಕ್ಸ್ ಹುಡುಕಾಟಕ್ಕೆ ಬಳಸುವ ಝೇಪಿಯನ್‌ಗೆ ಕನ್ನಡ ಪದಗಳ ವಿಭಕ್ತಿ, ಬಹುವಚನ ಕಳಚಿ ಮೂಲರೂಪಕ್ಕೆ ತರುವ ವ್ಯವಸ್ಥೆ ಇಲ್ಲ. ಇಂಗ್ಲಿಷ್‌ಗೆ ಇದೆ. ಹಾಗಾಗಿ "ಮರಗಳನ್ನು" ಎಂದು ಹುಡುಕಿದರೆ ಅದೇ ರೂಪ ಇರುವ ಪುಟಗಳಷ್ಟೇ ಬರುತ್ತವೆ. ಮಕ್ಕಳಿಗೆ ಎರಡು ಅಭ್ಯಾಸ ಮಾಡಿಸಿ: ಪ್ರತ್ಯಯ ಇಲ್ಲದ ನಾಮಪದವನ್ನೇ ಕೊಡುವುದು, ಮತ್ತು ಎಂಟರ್ ಒತ್ತುವ ಮುಂಚೆ ಪೆಟ್ಟಿಗೆಯ ಕೆಳಗೆ ಇಳಿಯುವ ಶೀರ್ಷಿಕೆಗಳನ್ನು ನೋಡುವುದು. "ಕಾವೇ" ಅನ್ನುವಷ್ಟರಲ್ಲೇ ಬೇಕಾದ ಲೇಖನ ಆ ಪಟ್ಟಿಯಲ್ಲಿ ಸಿಗುತ್ತದೆ. ಪ್ರಶ್ನೆಯ ಇಡೀ ವಾಕ್ಯ ಟೈಪ್ ಮಾಡಿದರೆ ಹೆಚ್ಚಾಗಿ ಸಿಗುವುದು ಸೊನ್ನೆಯೇ.

ಇನ್ನು ನಿಮ್ಮ ಪಾಠಗಳು. ಮೊದಲು ಆಸ್ಕಿಯಿಂದ ಯುನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಯಾರಾದರೂ ಕೂತು ಓದಲೇಬೇಕು. ತಪ್ಪು ಹೆಚ್ಚಾಗಿ ಅರ್ಕಾವತ್ತಿನಲ್ಲಿ ಬರುತ್ತದೆ. ನುಡಿಯ ಆಸ್ಕಿಯಲ್ಲಿ ಅದು ಅಕ್ಷರದ ನಂತರ ಕೂರುತ್ತದೆ, ಯುನಿಕೋಡ್‌ನಲ್ಲಿ "ರ್" ಮೊದಲು ಬರಬೇಕು. ಪರಿವರ್ತಕ ಎಡವಿದರೆ "ಕರ್ನಾಟಕ", "ವರ್ಷ", "ಅರ್ಥ" ಇಂಥ ಪದಗಳು ಕೆಡುತ್ತವೆ, ಕೆಟ್ಟ ಪದ ಹುಡುಕಾಟದಲ್ಲೂ ಸಿಗುವುದಿಲ್ಲ. ಗಣಿತದ ಚಿಹ್ನೆಗಳು ಮತ್ತು ನಡುನಡುವೆ ಬರುವ ಇಂಗ್ಲಿಷ್ ಪದಗಳನ್ನೂ ನೋಡಿ. ಇಂಗ್ಲಿಷನ್ನೂ ಆಸ್ಕಿ ಕನ್ನಡವೆಂದೇ ತಿಳಿದು ತಿರುಗಿಸಿಬಿಟ್ಟಿರುತ್ತದೆ.

ನಂತರ ಎಲ್ಲ ಎಚ್‌ಟಿಎಂಎಲ್ ಪುಟಗಳನ್ನು ಒಂದು ಫೋಲ್ಡರ್‌ಗೆ ಹಾಕಿ, ಝಿಮ್-ಟೂಲ್ಸ್‌ನಲ್ಲಿರುವ ಝಿಮ್‌ರೈಟರ್‌ಎಫ್‌ಎಸ್‌ನಿಂದ ಒಂದೇ ಝಿಮ್ ಮಾಡಿ. ಅದು ಕೇಳುವುದು: ಆರಂಭದ ಪುಟ, 48×48 ಪಿಕ್ಸೆಲ್‌ನ ಪಿಎನ್‌ಜಿ ಚಿತ್ರ, ಹೆಸರು, ಶೀರ್ಷಿಕೆ, ಒಂದು ಸಾಲಿನ ವಿವರಣೆ, ರಚಿಸಿದವರು, ಪ್ರಕಾಶಕರು, ಭಾಷೆ. ಭಾಷೆಗೆ ಎರಡಕ್ಷರದ "ಕೆಎನ್" ಅಲ್ಲ, ಮೂರಕ್ಷರದ "ಕೆಎಎನ್". ಪ್ರತಿ ಪುಟದಲ್ಲೂ ಯುಟಿಎಫ್-8 ಘೋಷಣೆ ಇರಲಿ. ಕೊಂಡಿಗಳೆಲ್ಲ ಸಾಪೇಕ್ಷವಾಗಿರಲಿ, ಸಿ ಡ್ರೈವ್‌ನ ವಿಳಾಸ ಒಳಗೆ ಉಳಿದಿದ್ದರೆ ಅದು ತೆರೆಯುವುದಿಲ್ಲ.

ತುಂಬ ಜನ ಸಿಕ್ಕಿಬೀಳುವುದು ಚಿತ್ರದ ಫೈಲಿನ ಹೆಸರಿನಲ್ಲಿ. ಫೋಲ್ಡರ್‌ನಲ್ಲಿ ಜೆಪಿಜಿ ದೊಡ್ಡಕ್ಷರದಲ್ಲಿದ್ದು ಪುಟದಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದರೆ ವಿಂಡೋಸ್ ತಲೆಕೆಡಿಸಿಕೊಳ್ಳುವುದಿಲ್ಲ, ಝಿಮ್ ಒಪ್ಪುವುದಿಲ್ಲ. ಎಲ್ಲ ಹೆಸರನ್ನೂ ಸಣ್ಣಕ್ಷರಕ್ಕೆ ತಂದು, ಖಾಲಿ ಜಾಗ ತೆಗೆದು, ಮುಗಿದ ಮೇಲೆ ಝಿಮ್‌ಚೆಕ್ ಓಡಿಸಿ. ಮುರಿದ ಕೊಂಡಿಗಳ ಪಟ್ಟಿ ಅದೇ ಕೊಡುತ್ತದೆ.

ಫಾಂಟ್ ಸರ್ವರ್‌ನದಲ್ಲ, ಓದುವ ಸಿಸ್ಟಮ್‌ನದು. ವಿಂಡೋಸ್ 7ರಲ್ಲಿ ತುಂಗಾ ಇದೆ, 10ರಲ್ಲಿ ನಿರ್ಮಲಾ ಯುಐ ಇದೆ. ಪುಟದ ಸಿಎಸ್‌ಎಸ್‌ನಲ್ಲಿ (ಪುಟದ ರೂಪ, ಬಣ್ಣ ಹೇಳುವ ಭಾಗ) ನೋಟೋ ಸಾನ್ಸ್ ಕನ್ನಡ, ನಿರ್ಮಲಾ, ತುಂಗಾ ಹೀಗೆ ಸಾಲಾಗಿ ಕೊಡಿ, ಸಾಲಿನ ಎತ್ತರ 1.7 ಇಡಿ. 1.2 ಇಟ್ಟರೆ "ಸ್ತ್ರೀ", "ರಾಷ್ಟ್ರ"ದಂಥ ಪದಗಳ ಒತ್ತು ಕೆಳಗಿನ ಸಾಲಿಗೆ ತಗಲುತ್ತದೆ.

ಲ್ಯಾಬ್_ಮೇಷ್ಟ್ರು:

ಇಬ್ಬರಿಗೂ ಧನ್ಯವಾದ ಸರ್. ಉಬುಂಟುವಿನಲ್ಲಿ ಕಿವಿಕ್ಸ್-ಸರ್ವ್ ಓಡುತ್ತಿದೆ, ಎಲ್ಲ ಸಿಸ್ಟಮ್‌ಗಳಲ್ಲೂ ತೆರೆಯುತ್ತಿದೆ. ಕನ್ನಡ ಮುಖಪುಟವನ್ನು ಕಸ್ಟಮ್ ಇಂಡೆಕ್ಸ್ ಆಯ್ಕೆಯಲ್ಲಿ ಕೊಟ್ಟೆ. ಅಕ್ಷರ ಬಂತು, ಚಿತ್ರ ಮತ್ತು ಬಣ್ಣ ಬರಲಿಲ್ಲ. ಮುಂದೆ ಹೊಸ ವಿಕಿಪೀಡಿಯ ಫೈಲು ಹಾಕಿದಾಗ ಮುಖಪುಟದ ಬಟನ್‌ಗಳೆಲ್ಲ ಕೆಡುತ್ತವೆಯೇ?

ಸ್ವಿಚ್_ಪಕ್ಕ:

ಕಿವಿಕ್ಸ್-ಸರ್ವ್ ಬಡಿಸುವುದು ಝಿಮ್ ಒಳಗಿರುವುದನ್ನು ಮತ್ತು ನೀವು ಕೊಟ್ಟ ಆ ಒಂದು ಎಚ್‌ಟಿಎಂಎಲ್ ಫೈಲನ್ನು ಮಾತ್ರ. ಪಕ್ಕದ ಫೋಲ್ಡರ್‌ನಲ್ಲಿರುವ ಚಿತ್ರ, ಸಿಎಸ್‌ಎಸ್ ಅದರ ಕಣ್ಣಿಗೆ ಬೀಳುವುದಿಲ್ಲ. ಸಿಎಸ್‌ಎಸ್ಸನ್ನು ಪುಟದೊಳಗೇ ಸ್ಟೈಲ್ ಟ್ಯಾಗ್‌ನಲ್ಲಿ ಬರೆಯಿರಿ. ಚಿತ್ರಗಳಿಗೆ ಸುಲಭದ ದಾರಿ: ಅವನ್ನು ನಿಮ್ಮ ಪಾಠಗಳ ಝಿಮ್ ಒಳಗೇ ಸೇರಿಸಿ, ಮುಖಪುಟದಿಂದ "ಕಂಟೆಂಟ್" ಸ್ಲ್ಯಾಶ್ ಆ ಝಿಮ್‌ನ ಹೆಸರು ಸ್ಲ್ಯಾಶ್ ಚಿತ್ರದ ದಾರಿ ಎಂದು ಕರೆಯಿರಿ. ಒಂದೆರಡು ಸಣ್ಣ ಚಿತ್ರವಾದರೆ ಬೇಸ್64 (ಚಿತ್ರವನ್ನು ಅಕ್ಷರಗಳಾಗಿ ಬರೆಯುವ ಕ್ರಮ) ಮಾಡಿ ಪುಟದಲ್ಲೇ ಅಂಟಿಸಬಹುದು.

ಬಟನ್‌ಗಳ ಕೊಂಡಿ "ವ್ಯೂವರ್" ದಾರಿಯಲ್ಲಿ ಕೊಟ್ಟರೆ ಮೇಲೆ ಹುಡುಕು ಪಟ್ಟಿ ಬರುತ್ತದೆ. "ಕಂಟೆಂಟ್" ದಾರಿಯಲ್ಲಿ ಕೊಟ್ಟರೆ ಬರಿಯ ಪುಟ. ವಿಕಿಪೀಡಿಯಕ್ಕೆ ಮೊದಲನೆಯದು, ನಿಮ್ಮ ಪಾಠಗಳಿಗೆ ಎರಡನೆಯದು ಒಳ್ಳೆಯದು.

ಹೊಸ ಫೈಲು ಹಾಕಿದಾಗ ಕೊಂಡಿ ಕೆಡುವುದು ನಿಜ, ಏಕೆಂದರೆ ಫೈಲಿನ ಹೆಸರೇ ವಿಳಾಸದಲ್ಲಿ ಬರುತ್ತದೆ, ಹೆಸರಿನ ಕೊನೆಗೆ ವರ್ಷ-ತಿಂಗಳು ಇರುತ್ತದೆ. ನೋಡೇಟ್ಏಲಿಯಸಸ್ ಆಯ್ಕೆ ಹಾಕಿ ಸರ್ವರ್ ಶುರು ಮಾಡಿದರೆ ದಿನಾಂಕ ಇಲ್ಲದ ವಿಳಾಸವೂ ಕೆಲಸ ಮಾಡುತ್ತದೆ, ಮುಖಪುಟದಲ್ಲಿ ಅದನ್ನೇ ಬರೆಯಿರಿ. ಹಳೆಯದು, ಹೊಸದು ಎರಡೂ ಲೈಬ್ರರಿ ಫೈಲಿನಲ್ಲಿ (ಸರ್ವರ್ ತೋರಿಸುವ ಝಿಮ್‌ಗಳ ಪಟ್ಟಿ) ಉಳಿಯಬಾರದು, ಇಬ್ಬರೂ ಒಂದೇ ವಿಳಾಸಕ್ಕೆ ಹೊಡೆದಾಡುತ್ತಾರೆ. ಕಿವಿಕ್ಸ್-ಮ್ಯಾನೇಜ್‌ನಿಂದ ಹಳೆಯದನ್ನು ತೆಗೆದು ಹೊಸದನ್ನು ಸೇರಿಸಿ. ಮಾನಿಟರ್ ಲೈಬ್ರರಿ ಆಯ್ಕೆ ಇದ್ದರೆ ಸರ್ವರ್ ನಿಲ್ಲಿಸದೆ ಬದಲಾವಣೆ ಬರುತ್ತದೆ. ಓಡುತ್ತಿರುವ ಝಿಮ್ ಮೇಲೆಯೇ ಹೊಸದನ್ನು ಕಾಪಿ ಮಾಡಬೇಡಿ, ಓದುತ್ತಿರುವ ಫೈಲು ಕಾಲಡಿಯಲ್ಲೇ ಬದಲಾಗಿ ಸರ್ವರ್ ಬೀಳುತ್ತದೆ.

ಬ್ಲಾಕ್ಎಕ್ಸ್‌ಟರ್ನಲ್ ಆಯ್ಕೆಯನ್ನೂ ಹಾಕಿ. ಹೊರಗಿನ ಕೊಂಡಿ ಒತ್ತಿದ ಮಗುವಿಗೆ ಬ್ರೌಸರ್‌ನ ಗೊಂದಲದ ದೋಷಪುಟದ ಬದಲು, ಇದು ಹೊರಗಿನದು ಎಂಬ ಸೂಚನೆ ಕಾಣುತ್ತದೆ. ಥ್ರೆಡ್ (ಸರ್ವರ್ ಒಟ್ಟಿಗೆ ನಡೆಸುವ ಕೆಲಸ) ಸಂಖ್ಯೆ ಸುಮ್ಮನೆ ಬಿಟ್ಟರೆ 4 ಇರುತ್ತದೆ, ಇಡೀ ತರಗತಿ ಒಟ್ಟಿಗೆ ಹುಡುಕುವಾಗ 8 ಇರಲಿ.

ವಿಂಡೋಸ್ 7 ಸಿಸ್ಟಮ್‌ಗಳಿಗೆ ಕ್ರೋಮ್ 109 ಅಥವಾ ಫೈರ್‌ಫಾಕ್ಸ್ 115 ಇಎಸ್‌ಆರ್ ಹಾಕಿ. ಅದಕ್ಕಿಂತ ಹಳೆಯದರಲ್ಲಿ ಫೆಟ್ ಕೈಕೊಡುತ್ತದೆ. ಬೇರೆ ಜಾಲತಾಣಗಳನ್ನು ಝಿಮಿಟ್‌ನಿಂದ (ತಾಣವನ್ನು ಝಿಮ್ ಮಾಡುವ ಸಾಧನ) ಇಳಿಸಿದ ಝಿಮ್ ಯಾರಾದರೂ ಕೊಟ್ಟರೆ ಅದು ಝಿಮಿಟ್ 2ಕ್ಕೆ ಹಿಂದಿನದೇ ನೋಡಿ. ಹಳೆಯ ಝಿಮಿಟ್ ಫೈಲುಗಳಿಗೆ ಸರ್ವಿಸ್ ವರ್ಕರ್ (ಬ್ರೌಸರ್‌ನ ಹಿನ್ನೆಲೆಯಲ್ಲಿ ಓಡುವ ಸ್ಕ್ರಿಪ್ಟ್) ಬೇಕು, ಅದನ್ನು ಬ್ರೌಸರ್ ಬಿಡುವುದು ಎಚ್‌ಟಿಟಿಪಿಎಸ್‌ನಲ್ಲಿ ಅಥವಾ ಅದೇ ಸಿಸ್ಟಮ್‌ನಲ್ಲಿ ಮಾತ್ರ. ಝಿಮಿಟ್ 2ರಿಂದ ಮಾಡಿದವಕ್ಕೆ ಈ ತೊಡಕಿಲ್ಲ.

ಕರೆಂಟ್ ಹೋಗಿ ಬಂದಾಗ ತಾನೇ ಏಳುವಂತೆ ಸಿಸ್ಟಮ್‌ಡಿ (ಉಬುಂಟುವಿನಲ್ಲಿ ಪ್ರೋಗ್ರಾಂಗಳನ್ನು ತಾನೇ ಶುರು ಮಾಡುವ ವ್ಯವಸ್ಥೆ) ಸರ್ವಿಸ್ ಬರೆದಿಡಿ, ಬಯೋಸ್‌ನಲ್ಲಿ ಕರೆಂಟ್ ಮರಳಿದಾಗ ಆನ್ ಆಗುವ ಆಯ್ಕೆಯನ್ನೂ ಹಾಕಿ. ಝಿಮ್‌ಗಳು ಬೇರೆ ಡಿಸ್ಕ್‌ನಲ್ಲಿದ್ದರೆ ಆ ಸರ್ವಿಸ್‌ನಲ್ಲಿ ರಿಕ್ವೈರ್ಸ್‌ಮೌಂಟ್ಸ್‌ಫಾರ್ ಸಾಲು ಬೇಕೇಬೇಕು. ಇಲ್ಲದಿದ್ದರೆ ಡಿಸ್ಕ್ ಸೇರುವ ಮುಂಚೆಯೇ ಕಿವಿಕ್ಸ್ ಎದ್ದು, ಒಂದು ಪುಸ್ತಕವೂ ಕಾಣದೆ ಸುಮ್ಮನಾಗುತ್ತದೆ.