ಸಹಾಯ ಬೇಕು: ವಿಶೇಷ ಮಕ್ಕಳ ಬೇಸಿಗೆ ತರಗತಿಗೆ ಆಟಗಳು

ಎಲ್ಲರಿಗೂ ನಮಸ್ಕಾರ. ನಮ್ಮ ವಿಶೇಷ ಮಕ್ಕಳ ಶಾಲೆಯಲ್ಲಿ ರಜೆಯಲ್ಲೂ ಬೆಳಗ್ಗೆ ಸ್ವಲ್ಪ ಹೊತ್ತು ತರಗತಿ ನಡೆಸುತ್ತಿದ್ದೇವೆ. ದಿನಚರಿ ಪೂರ್ತಿ ತಪ್ಪಿದರೆ ಆಟಿಸಂ ಇರುವ ಮಕ್ಕಳಿಗೆ ಕಿರಿಕಿರಿ ಜಾಸ್ತಿ, ಅಲ್ವಾ? ಎಲ್ಲರೂ 8ರಿಂದ 14 ವರ್ಷದವರು.

ನೀರಾಟ, ಗಿಡ ನೆಡುವುದು ಚೆನ್ನಾಗಿ ನಡೆಯುತ್ತಿದೆ. ಚಿತ್ರದ ಕಾರ್ಡ್ ತೋರಿಸಿ ‘ಈಗ ಇದು, ಆಮೇಲೆ ಅದು’ ಅಂದರೆ ಒಪ್ಪುತ್ತಾರೆ. ಪೇಚಾಟ ಇರುವುದು ಗುಂಪಿನ ಆಟದಲ್ಲಿ. ಒಬ್ಬ ಹುಡುಗ ಚಪ್ಪಾಳೆ ಸದ್ದಿಗೇ ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತಾನೆ. ಗಾಲಿಕುರ್ಚಿಯಲ್ಲಿರುವ ಹುಡುಗಿಗೆ ಗದ್ದಲ ಇದ್ದಷ್ಟೂ ಖುಷಿ. ಇಬ್ಬರೂ ಸೇರಿ ಆಡುವಂಥದ್ದು ಯಾರಾದರೂ ಆಡಿಸಿದ್ದೀರಾ? ಅವಳನ್ನು ಸುಮ್ನೆ ಸ್ಕೋರ್ ಬರೆಯಲು ಕೂರಿಸುವುದು ನನಗಿಷ್ಟವಿಲ್ಲ.

ದಿನನಿತ್ಯದ ಕೆಲಸ, ಆಟ ಮಾಡಲು ಮಕ್ಕಳಿಗೆ ತರಬೇತಿ ಕೊಡುವ ಆಕ್ಯುಪೇಶನಲ್ ಥೆರಪಿಸ್ಟ್‌ಗಳು ಇದ್ದರೆ ದಯವಿಟ್ಟು ಹೇಳಿ. ವಿಡಿಯೋ ಲಿಂಕ್ ಬೇಡ, ನೀವೇ ಮಾಡಿ ನೋಡಿದ್ದು ಬೇಕು.